ಚಳಿಗಾಲದಲ್ಲಿ ಮನೆಯ ನಾಯಿಯೊಂದಿಗೆ ಹೊರಗಿನ ನಡಿಗೆ: ಬೆಂಗಳೂರಿನಿಂದ ಮಲೆನಾಡಿನವರೆಗೆ ಒಂದು ಸಮಗ್ರ ಮಾರ್ಗದರ್ಶಿ

ಚಳಿಗಾಲದಲ್ಲಿ ನಾಯಿಯನ್ನು ಹೊರಗೆ ಕರೆದೊಯ್ಯುವ ಬಗ್ಗೆ ಓದಲು ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಹಿಮ ಬೀಳುವ ದೇಶದವರು ತಮ್ಮವರಿಗಾಗಿ ಬರೆದುಕೊಂಡವು. ಹೆಪ್ಪುಗಟ್ಟಿದ ರಸ್ತೆ, ಹಿಮ ಕರಗಿಸಲು ಎರಚುವ ಉಪ್ಪು, ನಾಯಿಯ ಕಾಲಿಗೆ ತೊಡಿಸುವ ಬೂಟು, ಇವುಗಳಿಂದ ನಮಗೆ ಆಗಬೇಕಾದ್ದು ಏನೂ ಇಲ್ಲ. ಬೆಂಗಳೂರಿನಲ್ಲಿ ಡಿಸೆಂಬರ್ ಮತ್ತು ಜನವರಿಯ ಕನಿಷ್ಠ ಉಷ್ಣಾಂಶ ಸಾಮಾನ್ಯವಾಗಿ 15 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರುತ್ತದೆ. 1884ರ ಜನವರಿಯಲ್ಲಿ ದಾಖಲಾದ 7.8 ಡಿಗ್ರಿ ಈ ನಗರದ ಅತಿ ಕಡಿಮೆ ಉಷ್ಣಾಂಶ. ಬೀದರ್, ವಿಜಯಪುರದ ಕಡೆ ಕೆಲವು ರಾತ್ರಿ ಉಷ್ಣಾಂಶ 10 ಡಿಗ್ರಿಗಿಂತ ಕೆಳಗಿಳಿಯುವುದುಂಟು. ಮೈತುಂಬ ರೋಮವಿರುವ, ಹೊಟ್ಟೆತುಂಬ ತಿನ್ನುವ, ಮನೆಯೊಳಗೆ ಮಲಗುವ ಆರೋಗ್ಯವಂತ ನಾಯಿಗೆ ಈ ಚಳಿ ಒಂದು ಲೆಕ್ಕವಲ್ಲ. ಅದರ ಮೈಯ ಸಹಜ ಉಷ್ಣಾಂಶವೇ 38ರಿಂದ 39 ಡಿಗ್ರಿ, ಅಂದರೆ ನಮಗಿಂತ ಒಂದೆರಡು ಡಿಗ್ರಿ ಹೆಚ್ಚು.

ನಮ್ಮ ಚಳಿಗಾಲದ ತೊಂದರೆ ಬೇರೆ ಕಡೆ ಇದೆ. ಮಳೆಗಾಲದಲ್ಲಿ ಸೊಂಟದೆತ್ತರ ಬೆಳೆದ ಹುಲ್ಲು ಈ ಹೊತ್ತಿಗೆ ಬೀಜ ಕಟ್ಟಿ ಒಣಗುತ್ತಿರುತ್ತದೆ. ಅದರ ತುದಿಯಲ್ಲಿ ಉಣ್ಣಿ ಕಾದಿರುತ್ತದೆ, ಬುಡದಲ್ಲಿ ಹಾವು ಬಿಸಿಲಿಗೆ ಮೈಯೊಡ್ಡಿ ಮಲಗಿರುತ್ತದೆ. ಬೆಳಗಾಗುವುದು ತಡ, ಕತ್ತಲಾಗುವುದು ಬೇಗ. ಬೀದಿನಾಯಿಗಳು ಮರಿ ಹಾಕಿರುತ್ತವೆ. ಆದ್ದರಿಂದ ಸ್ವೆಟರ್ ಕೊಳ್ಳುವುದಕ್ಕೂ ಮೊದಲು, ಎಷ್ಟು ಹೊತ್ತಿಗೆ ಹೊರಡಬೇಕು ಮತ್ತು ಹುಲ್ಲಿನಿಂದ ಎಷ್ಟು ದೂರ ನಡೆಯಬೇಕು ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಬೇಕು. ಈ ಬರಹದ ಬಹುಭಾಗ ಅವೆರಡನ್ನೇ ಕುರಿತದ್ದು.

ಹಂತ 1: ಚಳಿ ಶುರುವಾಗುವ ಮೊದಲು

ದೀಪಾವಳಿಯ ಸುಮಾರಿಗೆ ಒಮ್ಮೆ ಪಶುವೈದ್ಯರ ಬಳಿಗೆ ಹೋಗಿ ಬರುವುದು ಒಳ್ಳೆಯದು. ರೇಬೀಸ್ ಚುಚ್ಚುಮದ್ದಿನ ವಾರ್ಷಿಕ ಅವಧಿ ಮುಗಿದಿದೆಯೇ, ಡಿಸ್ಟೆಂಪರ್, ಪಾರ್ವೋ ಮತ್ತು ಇಲಿಜ್ವರದ ಲಸಿಕೆಗಳು ಆಗಿವೆಯೇ ಎಂಬುದನ್ನು ಲಸಿಕೆ ಪುಸ್ತಕ ನೋಡಿ ಖಚಿತಪಡಿಸಿಕೊಳ್ಳಬೇಕು. ಹತ್ತಾರು ನಾಯಿಗಳು ಸೇರುವ ಉದ್ಯಾನಕ್ಕೆ ಕರೆದೊಯ್ಯುವವರು, ಊರಿಗೆ ಹೋಗುವಾಗ ನಾಯಿಯನ್ನು ಬೋರ್ಡಿಂಗ್‌ನಲ್ಲಿ ಬಿಡುವವರು ಕೆನಲ್ ಕಾಫ್ ಎಂಬ ಒಣಕೆಮ್ಮಿನ ಲಸಿಕೆಯ ಬಗ್ಗೆಯೂ ವಿಚಾರಿಸಬಹುದು. ಮರಿ ತಂದಿದ್ದರೆ, ಸುಮಾರು 16 ವಾರಗಳವರೆಗೆ ನಡೆಯುವ ಮೊದಲ ಸುತ್ತಿನ ಲಸಿಕೆಗಳು ಮುಗಿದು ಒಂದೆರಡು ವಾರ ಕಳೆಯುವವರೆಗೆ ಅದನ್ನು ಬೀದಿಯ ನೆಲದ ಮೇಲೆ ಬಿಡಬಾರದು. ಎತ್ತಿಕೊಂಡು ಹೋಗಿ ಹೊರಗಿನ ಸದ್ದು, ಬೆಳಕು, ಜನರನ್ನು ಪರಿಚಯಿಸುವುದಕ್ಕೆ ಅಡ್ಡಿಯಿಲ್ಲ.

ಅದೇ ಭೇಟಿಯಲ್ಲಿ ಉಣ್ಣಿ ತಡೆಯುವ ಔಷಧವನ್ನೂ ತೀರ್ಮಾನಿಸಿಕೊಳ್ಳಬೇಕು. ಇಂದು ಹೆಚ್ಚು ಬಳಕೆಯಲ್ಲಿರುವುದು ಬಾಯಿಗೆ ಹಾಕುವ, ಜಗಿಯುವ ಮಾತ್ರೆ. ಅಫೊಕ್ಸೊಲಾನರ್ ಅಥವಾ ಸರೊಲಾನರ್ ಇರುವ ಮಾತ್ರೆಯನ್ನು ತಿಂಗಳಿಗೊಮ್ಮೆ, ಫ್ಲುರಲಾನರ್ ಇರುವುದನ್ನು ಸುಮಾರು 12 ವಾರಗಳಿಗೊಮ್ಮೆ ಕೊಡುತ್ತಾರೆ. ನಾಯಿಯ ತೂಕಕ್ಕೆ ತಕ್ಕಂತೆ ಮಾತ್ರೆಯ ಅಳತೆ ಬೇರೆಬೇರೆಯಾಗಿರುವುದರಿಂದ ಮೊದಲು ತೂಕ ಮಾಡಿಸಬೇಕು. ದೊಡ್ಡ ಮಾತ್ರೆಯನ್ನು ಮುರಿದು ಎರಡು ನಾಯಿಗೆ ಹಂಚುವ ಉಳಿತಾಯ ಸಲ್ಲದು. ನಾಯಿಗೆ ಹಿಂದೆ ಎಂದಾದರೂ ಫಿಟ್ಸ್ ಬಂದಿದ್ದರೆ ಅದನ್ನು ವೈದ್ಯರಿಗೆ ಹೇಳಲೇಬೇಕು, ಏಕೆಂದರೆ ಈ ಗುಂಪಿನ ಔಷಧಗಳು ಅಂಥ ನಾಯಿಗಳಲ್ಲಿ ಮತ್ತೆ ಫಿಟ್ಸ್ ತರಿಸಬಹುದು. ಬೆನ್ನಿಗೆ ಸುರಿಯುವ ಹನಿ, ಸ್ಪ್ರೇ, ಕೊರಳಿನ ಪಟ್ಟಿ ಇವೂ ಇವೆ. ಮನೆಯಲ್ಲಿ ಬೆಕ್ಕೂ ಇದ್ದರೆ ಪರ್ಮೆಥ್ರಿನ್ ಇರುವ ಯಾವುದನ್ನೂ ನಾಯಿಗೆ ಹಾಕಬಾರದು. ಅದು ಬೆಕ್ಕಿಗೆ ಘೋರ ವಿಷ.

ಇನ್ನು ಯಾವ ನಾಯಿಗೆ ನಿಜವಾಗಿಯೂ ಚಳಿಯಾಗುತ್ತದೆ ಎಂಬ ಪ್ರಶ್ನೆ. ಮರಿಗಳು, ಮುದಿ ನಾಯಿಗಳು, ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವವು, ಮಿನಿಯೇಚರ್ ಪಿನ್ಷರ್‌ನಂಥ ಪುಟ್ಟ ಗಾತ್ರದ ಗಿಡ್ಡ ರೋಮದವು ಈ ಪಟ್ಟಿಯಲ್ಲಿ ಬರುತ್ತವೆ. ನಮ್ಮದೇ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯೂ ಇದಕ್ಕೆ ಸೇರುತ್ತದೆ. 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ ಈ ಬೇಟೆನಾಯಿಯ ಮೈಯಲ್ಲಿ ಕೊಬ್ಬು ಕಡಿಮೆ, ರೋಮ ಗಿಡ್ಡ, ಚರ್ಮ ತೆಳು. ಓಡುವಾಗ ಚಳಿ ತಾಗದಿದ್ದರೂ ನಿಂತೊಡನೆ ನಡುಗುತ್ತದೆ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ಪೊಮೇರಿಯನ್ ಮತ್ತು ಸಾಧಾರಣ ನಾಟಿ ನಾಯಿಗಳಿಗೆ ನಮ್ಮ ಚಳಿ ಹಿತವೇ. ಹಿಮನಾಡಿನ ತಳಿಯಾದ ಹಸ್ಕಿಯನ್ನು ಸಾಕಿದವರಿಗಂತೂ ವರ್ಷದಲ್ಲಿ ನೆಮ್ಮದಿಯಾಗಿ ತಿರುಗಾಡಿಸಲು ಸಿಗುವ ತಿಂಗಳುಗಳೇ ಇವು.

ಹಂತ 2: ಹೊತ್ತನ್ನು ಗೊತ್ತುಮಾಡಿಕೊಳ್ಳುವುದು

ವರ್ಷದ ಅತಿ ಗಿಡ್ಡ ಹಗಲು ಡಿಸೆಂಬರ್ 21 ಅಥವಾ 22ರಂದು ಬಂದರೂ ಬೆಂಗಳೂರಿನಲ್ಲಿ ಸೂರ್ಯ ಅತ್ಯಂತ ತಡವಾಗಿ ಹುಟ್ಟುವುದು ಜನವರಿಯ ಉತ್ತರಾರ್ಧದಲ್ಲಿ, ಸುಮಾರು 6.45ಕ್ಕೆ. ಬೇಸಿಗೆಯಲ್ಲಿ ಐದೂವರೆಗೆ ಹೊರಡುವ ಅಭ್ಯಾಸವನ್ನು ಹಾಗೆಯೇ ಮುಂದುವರಿಸಿದರೆ ನಡಿಗೆಯೆಲ್ಲ ಕತ್ತಲಲ್ಲಿ, ಇಬ್ಬನಿಯಲ್ಲಿ, ಕೆಲವೆಡೆ ಮಂಜಿನಲ್ಲಿ ನಡೆದುಹೋಗುತ್ತದೆ. ಗಾಳಿ ನಿಂತ ಚಳಿಗಾಲದ ನಸುಕಿನಲ್ಲಿ ಹೊಗೆ ಮೇಲೇರದೆ ನೆಲದ ಮಟ್ಟದಲ್ಲೇ ಉಳಿಯುತ್ತದೆ; ಬೀದಿಯ ಮೂಲೆಯಲ್ಲಿ ಒಣಎಲೆ ಮತ್ತು ಪ್ಲಾಸ್ಟಿಕ್ಕನ್ನು ಒಟ್ಟಿಗೆ ಸುಡುವ ಕೆಟ್ಟ ಪದ್ಧತಿಯೂ ಈ ಹೊತ್ತಿನದೇ. ನಾಯಿಯ ಮೂಗು ಇರುವುದು ಆ ಹೊಗೆಯ ಎತ್ತರದಲ್ಲಿ. ಪಗ್, ಬುಲ್‌ಡಾಗ್, ಶಿತ್ಸುವಿನಂಥ ಚಪ್ಪಟೆ ಮೂತಿಯವಕ್ಕೆ ಉಸಿರಾಟವೇ ಮೊದಲಿನಿಂದ ಕಷ್ಟ; ಅವನ್ನು ಈ ಹೊಗೆಯಲ್ಲಿ ನಡೆಸುವುದರಿಂದ ವ್ಯಾಯಾಮಕ್ಕಿಂತ ತೊಂದರೆಯೇ ಹೆಚ್ಚು.

ಏಳರಿಂದ ಎಂಟೂವರೆಯ ನಡುವಿನ ಹೊತ್ತು ನಗರದಲ್ಲಿ ಉತ್ತಮ. ಕಚೇರಿಯ ಗಡಿಬಿಡಿಯಿಂದ ಅದು ಸಾಧ್ಯವಾಗದವರು ನಸುಕಿನಲ್ಲಿ ಶೌಚಕ್ಕಷ್ಟೇ ಹತ್ತು ನಿಮಿಷ ಹೊರಗೆ ಬಿಟ್ಟು, ಉದ್ದದ ನಡಿಗೆಯನ್ನು ಸಂಜೆ ನಾಲ್ಕೂವರೆಯಿಂದ ಆರರೊಳಗೆ ಇಟ್ಟುಕೊಳ್ಳಬಹುದು. ಚಳಿಗಾಲವೆಂದು ಮಧ್ಯಾಹ್ನ ಎಷ್ಟು ಹೊತ್ತಾದರೂ ತಿರುಗಬಹುದು ಎಂದುಕೊಳ್ಳುವುದು ತಪ್ಪು. ಜನವರಿಯಲ್ಲೂ ಬೆಂಗಳೂರಿನ ಮಧ್ಯಾಹ್ನ 27–28 ಡಿಗ್ರಿ ಮುಟ್ಟುತ್ತದೆ, ಬಿಸಿಲಿಗೆ ಬಿದ್ದ ಡಾಂಬರು ಅದಕ್ಕಿಂತ ಬಹಳ ಹೆಚ್ಚು ಕಾಯುತ್ತದೆ. ಅಂಗೈಯ ಹಿಂಭಾಗವನ್ನು ಏಳೆಂಟು ಸೆಕೆಂಡು ರಸ್ತೆಯ ಮೇಲಿಟ್ಟು ನೋಡಿ. ಕೈ ತಡೆಯದಿದ್ದರೆ ನಾಯಿಯ ಪಾದವೂ ತಡೆಯದು.

ಊಟದ ಹೊತ್ತನ್ನೂ ಇದರೊಂದಿಗೇ ಹೊಂದಿಸಬೇಕು. ಹೊಟ್ಟೆತುಂಬ ತಿಂದ ಕೂಡಲೇ ಓಡಿದರೆ, ಅದರಲ್ಲೂ ಗ್ರೇಟ್ ಡೇನ್, ಡಾಬರ್‌ಮನ್, ಜರ್ಮನ್ ಶೆಫರ್ಡ್‌ನಂಥ ಆಳವಾದ ಎದೆಗೂಡಿನ ನಾಯಿಗಳಲ್ಲಿ, ಜಠರ ಉಬ್ಬಿ ತಿರುಚಿಕೊಳ್ಳುವ ಮಾರಕ ಸ್ಥಿತಿ ಉಂಟಾಗಬಹುದು. ನಡಿಗೆ ಮುಗಿಸಿ, ಏದುಸಿರು ನಿಂತ ಮೇಲೆ ಊಟ ಹಾಕುವುದು ಸರಿಯಾದ ಕ್ರಮ. ಚಳಿಯಲ್ಲಿ ನಾಯಿ ನೀರು ಕುಡಿಯುವುದು ಕಡಿಮೆಯಾಗುವುದರಿಂದ ಹೊರಡುವ ಮೊದಲು ಮತ್ತು ಬಂದ ಮೇಲೆ ನೀರನ್ನು ಮುಂದಿಡುವುದನ್ನು ಮರೆಯಬಾರದು.

ಹಂತ 3: ಹಗ್ಗ, ಪಟ್ಟಿ, ಸ್ವೆಟರ್

ಒಂದೂವರೆಯಿಂದ ಎರಡು ಮೀಟರ್ ಉದ್ದದ ಗಟ್ಟಿ ನೈಲಾನ್ ಅಥವಾ ಹತ್ತಿಯ ಲೀಶ್ ಸಾಕು. ಗುಂಡಿ ಒತ್ತಿದರೆ ಉದ್ದಕ್ಕೆ ಬಿಚ್ಚಿಕೊಳ್ಳುವ ಲೀಶ್‌ಗಳನ್ನು ನಾನು ಶಿಫಾರಸು ಮಾಡುವುದಿಲ್ಲ. ಹುಲ್ಲಿನೊಳಗೆ ಐದು ಮೀಟರ್ ಮುಂದೆ ಹೋದ ನಾಯಿಯನ್ನು ಹಾವಿನ ಮುಂದಿನಿಂದ ಹಿಂದಕ್ಕೆಳೆಯಲು ಅದರಿಂದ ಆಗುವುದಿಲ್ಲ. ಎಳೆಯುವ ನಾಯಿಗೆ, ಚಪ್ಪಟೆ ಮೂತಿಯ ನಾಯಿಗೆ ಕೊರಳಪಟ್ಟಿಯ ಬದಲು ಎದೆಗೆ ಕಟ್ಟುವ ಹಾರ್ನೆಸ್ ಒಳ್ಳೆಯದು. ಆದರೂ ಮನೆಯ ಫೋನ್ ಸಂಖ್ಯೆ ಕೆತ್ತಿದ ಬಿಲ್ಲೆಯಿರುವ ಪಟ್ಟಿಯೊಂದು ಕೊರಳಲ್ಲಿ ಇರಲೇಬೇಕು. ಬೆಳಕು ಕಡಿಮೆಯಿರುವ ಹೊತ್ತಿನಲ್ಲಿ ವಾಹನದ ದೀಪಕ್ಕೆ ಹೊಳೆಯುವ ಪಟ್ಟಿ ನಾಯಿಗೂ, ಒಂದು ಟಾರ್ಚ್ ನಿಮ್ಮ ಕೈಗೂ ಬೇಕು. ಮಲ ಎತ್ತಲು ಕಾಗದ ಅಥವಾ ಚೀಲವಿಲ್ಲದೆ ಮನೆಯ ಹೊಸ್ತಿಲು ದಾಟಬಾರದು ಎಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ ಎಂದುಕೊಳ್ಳುತ್ತೇನೆ.

ಮೇಲೆ ಹೇಳಿದ ನಡುಗುವ ಗುಂಪಿನ ನಾಯಿಗಳಿಗೆ ಸ್ವೆಟರ್ ಹಾಕಬಹುದು. ಎದೆ ಮತ್ತು ಹೊಟ್ಟೆ ಮುಚ್ಚಬೇಕು, ಮುಂಗಾಲಿನ ಕಂಕುಳಲ್ಲಿ ಎರಡು ಬೆರಳು ಸಲೀಸಾಗಿ ಹೋಗುವಷ್ಟು ಸಡಿಲವಿರಬೇಕು, ಗಂಡುನಾಯಿ ಉಚ್ಚೆ ಹೊಯ್ದರೆ ನೆನೆಯದಂತೆ ಹೊಟ್ಟೆಯ ಭಾಗ ಗಿಡ್ಡವಿರಬೇಕು. ಇಬ್ಬನಿಯಲ್ಲಿ ಒದ್ದೆಯಾದ ಸ್ವೆಟರ್ ಬೆಚ್ಚಗಿಡುವ ಬದಲು ಚಳಿಯನ್ನೇ ಹೆಚ್ಚಿಸುತ್ತದೆ. ಇನ್ನೊಂದು ಮಾತು ಅಂಗಡಿಯವರು ಹೇಳುವುದಿಲ್ಲ: ದಿನವಿಡೀ ತೊಡಿಸಿಟ್ಟ ಸ್ವೆಟರ್ ಉಣ್ಣಿಗೆ ಹೇಳಿ ಮಾಡಿಸಿದ ಮನೆ. ಕಂಕುಳು, ಎದೆ, ಕೊರಳಿನ ಮಡಿಕೆ ಇವು ಅದು ಕಚ್ಚಿ ಕೂರುವ ನೆಚ್ಚಿನ ಜಾಗಗಳು, ಸ್ವೆಟರ್ ಮುಚ್ಚುವುದೂ ಅವನ್ನೇ. ಮನೆಗೆ ಬಂದೊಡನೆ ಬಿಚ್ಚಿ, ಒಳಮಗ್ಗುಲನ್ನು ಹೊರಗೆ ಮಾಡಿ ಬಿಸಿಲಿಗೆ ಹಾಕಬೇಕು.

ಹಂತ 4: ದಾರಿಯ ಆಯ್ಕೆ, ನಗರದಲ್ಲಿ

ನಾಯಿಯನ್ನು ಎಲ್ಲಿಗೆ ಬಿಡುತ್ತಾರೆ ಎಂಬುದನ್ನು ಮೊದಲೇ ತಿಳಿದುಕೊಳ್ಳಿ. ಲಾಲ್‌ಬಾಗ್‌ನೊಳಗೆ ಸಾಕುಪ್ರಾಣಿಗಳಿಗೆ ಪ್ರವೇಶವಿಲ್ಲ, ಬಡಾವಣೆಯ ಪಾರ್ಕುಗಳಲ್ಲಿ ಒಂದೊಂದು ಕಡೆ ಒಂದೊಂದು ನಿಯಮ. ಖಾಲಿ ಸೈಟುಗಳು ನೋಡಲು ವಿಶಾಲವಾಗಿದ್ದರೂ ಚಳಿಗಾಲದಲ್ಲಿ ಅವುಗಳಿಂದ ದೂರವಿರುವುದು ಲೇಸು. ಅಲ್ಲಿ ಬೆಳೆದ ಒಣಹುಲ್ಲಿನ ಈಟಿಯಂಥ ಬೀಜಗಳೂ ಉತ್ತರಾಣಿಯ ಕಾಳುಗಳೂ ರೋಮಕ್ಕೆ ಅಂಟಿ, ಬೆರಳ ಸಂದಿಯಲ್ಲಿ ಚರ್ಮವನ್ನೇ ಕೊರೆದು ಒಳಸೇರುತ್ತವೆ. ಮೂಗಿಗೆ ಹೊಕ್ಕರೆ ನಾಯಿ ಬಿಡದೆ ಸೀನುತ್ತದೆ, ಕಿವಿಗೆ ಹೊಕ್ಕರೆ ತಲೆ ಒಂದೇ ಕಡೆ ಓರೆ ಮಾಡಿ ಒದರುತ್ತಿರುತ್ತದೆ. ಹೀಗಾದಾಗ ಮನೆಯಲ್ಲೇ ಕಡ್ಡಿ ಹಾಕಿ ತೆಗೆಯಲು ಹೋಗದೆ ವೈದ್ಯರಲ್ಲಿಗೆ ಹೋಗಬೇಕು. ನೆಲಕ್ಕಂಟಿ ಬೆಳೆಯುವ ನೆಗ್ಗಿಲಮುಳ್ಳು ಪಾದದ ಮೆತ್ತೆಗೆ ಚುಚ್ಚುತ್ತದೆ. ನಡೆಯುತ್ತಿದ್ದ ನಾಯಿ ಹಠಾತ್ತನೆ ನಿಂತು ಕಾಲೆತ್ತಿದರೆ ಅಲ್ಲೇ ಕುಳಿತು ಪಾದ ನೋಡಿ.

ಬೀದಿನಾಯಿಗಳ ವಿಷಯದಲ್ಲಿ ಕಾಲದ ಲೆಕ್ಕ ಗೊತ್ತಿರಬೇಕು. ಅವು ಹೆಚ್ಚಾಗಿ ಮಳೆಗಾಲದ ಕೊನೆಯಲ್ಲಿ ಕೂಡುತ್ತವೆ, ಗರ್ಭದ ಅವಧಿ ಸುಮಾರು 63 ದಿನ; ಹಾಗಾಗಿ ನವೆಂಬರ್‌ನಿಂದ ಜನವರಿಯವರೆಗೆ ಚರಂಡಿಯ ಮೋರಿ, ಕಟ್ಟಡಕ್ಕೆ ತಂದು ಸುರಿದ ಮರಳಿನ ರಾಶಿ, ನಿಲ್ಲಿಸಿಟ್ಟ ಹಳೆಯ ಕಾರಿನ ಅಡಿ, ಇಂಥಲ್ಲೆಲ್ಲ ಮರಿಗಳಿರುತ್ತವೆ. ಮೊನ್ನೆಯವರೆಗೆ ಬಾಲ ಅಲ್ಲಾಡಿಸುತ್ತಿದ್ದ ಹೆಣ್ಣುನಾಯಿ ಇಂದು ಮೈಮೇಲೆ ಬಿದ್ದರೆ ಅದರ ಹಿಂದೆ ಮರಿಗಳಿವೆ ಎಂದೇ ಅರ್ಥ. ಆ ಬೀದಿಯನ್ನು ಎರಡು ತಿಂಗಳು ಬಿಟ್ಟುಬಿಡುವುದೇ ಸುಲಭದ ಉಪಾಯ. ಎದುರಾದಾಗ ಓಡಬಾರದು, ಕಲ್ಲೆತ್ತಬಾರದು, ನಿಮ್ಮ ನಾಯಿಯನ್ನು ತಲೆಯ ಮೇಲೆತ್ತಿ ಹಿಡಿಯಬಾರದು; ಲೀಶನ್ನು ಗಿಡ್ಡ ಮಾಡಿ, ಅವುಗಳ ಕಣ್ಣನ್ನು ದಿಟ್ಟಿಸದೆ, ನಿಮ್ಮ ಮೈಯನ್ನು ಎರಡರ ನಡುವೆ ಇಟ್ಟುಕೊಂಡು ಒಂದೇ ನಡೆಯಲ್ಲಿ ದಾಟಿಹೋಗಬೇಕು. ದಿನವೂ ಹೋಗುವ ಬೀದಿಯ ನಾಯಿಗಳ ಪರಿಚಯ ಮಾಡಿಕೊಂಡವರಿಗೆ, ಅವುಗಳಿಗೆ ಸಂತಾನಹರಣ ಚಿಕಿತ್ಸೆ ಮಾಡಿಸಲು ಪಾಲಿಕೆಗೆ ತಿಳಿಸುವವರಿಗೆ ಈ ಕಾಟ ಕಡಿಮೆ.

ಹಂತ 5: ದಾರಿಯ ಆಯ್ಕೆ, ತೋಟ ಮತ್ತು ಕಾಡಂಚಿನಲ್ಲಿ

ಕೊಡಗು, ಚಿಕ್ಕಮಗಳೂರು, ಸಕಲೇಶಪುರ, ಶಿವಮೊಗ್ಗದ ಕಡೆ ಮನೆಯಿರುವವರಿಗೂ ರಜೆಗೆಂದು ನಾಯಿಯನ್ನು ಕರೆದುಕೊಂಡು ಹೋಂಸ್ಟೇಗೆ ಹೋಗುವವರಿಗೂ ಬೇರೆಯೇ ಎಚ್ಚರ ಬೇಕು. ಮಳೆಗಾಲದ ಇಂಬಳ, ಅಂದರೆ ಜಿಗಣೆ, ಈಗ ಇರುವುದಿಲ್ಲ ಎಂಬುದೊಂದೇ ಸಮಾಧಾನ.

ಮೊದಲನೆಯದು ಚಿರತೆ. ಕಾಡಂಚಿನ ಊರುಗಳಲ್ಲಿ ಚಿರತೆಗೆ ನಾಯಿ ಸುಲಭದ ಬೇಟೆ. ಇದು ಮಲೆನಾಡಿಗಷ್ಟೇ ಸೀಮಿತವಲ್ಲ, ಬನ್ನೇರುಘಟ್ಟ, ತುರಹಳ್ಳಿಯ ಸುತ್ತಲಿನ ಬಡಾವಣೆಗಳಿಗೂ ಮೈಸೂರಿನ ಚಾಮುಂಡಿ ಬೆಟ್ಟದ ತಪ್ಪಲಿಗೂ ಅನ್ವಯಿಸುತ್ತದೆ. ಬಿಸಿಲು ಬೀಳುವವರೆಗೆ ಹೊರಡದಿರುವುದು, ಸೂರ್ಯ ಮುಳುಗುವ ಮೊದಲು ಮನೆ ಸೇರುವುದು, ಲೀಶ್ ಬಿಚ್ಚದಿರುವುದು, ರಾತ್ರಿ ನಾಯಿಯನ್ನು ಅಂಗಳದಲ್ಲಿ ಕಟ್ಟದೆ ಒಳಗೆ ಮಲಗಿಸುವುದು, ಇವಿಷ್ಟನ್ನು ಚಾಚೂ ತಪ್ಪದೆ ಪಾಲಿಸಬೇಕು. ಸರಪಳಿಯಲ್ಲಿ ಕಟ್ಟಿದ ನಾಯಿಗೆ ತಪ್ಪಿಸಿಕೊಳ್ಳುವ ಅವಕಾಶವೇ ಇರುವುದಿಲ್ಲ. ರಾಷ್ಟ್ರೀಯ ಉದ್ಯಾನ ಮತ್ತು ಅಭಯಾರಣ್ಯಗಳೊಳಗೆ ನಾಯಿಯನ್ನು ಒಯ್ಯುವುದಕ್ಕೆ ಅನುಮತಿಯೇ ಇಲ್ಲ.

ಎರಡನೆಯದು ಮನುಷ್ಯರು ಒಡ್ಡಿದ್ದು. ಪೈರಿನ ಕಾಲದಲ್ಲಿ ಕಾಡುಹಂದಿಗೆಂದು ಬೇಲಿಯ ಕಂಡಿಯಲ್ಲಿ ತಂತಿಯ ಉರುಲು ಹಾಕುವವರಿದ್ದಾರೆ, ತಿನಿಸಿನೊಳಗೆ ಸಿಡಿಮದ್ದು ಇಡುವವರಿದ್ದಾರೆ, ಬೇಲಿಗೆ ಕಳ್ಳತನದಿಂದ ಕರೆಂಟ್ ಕೊಡುವವರಿದ್ದಾರೆ. ಎಲ್ಲವೂ ಅಪರಾಧ, ಎಲ್ಲವೂ ನಡೆಯುತ್ತವೆ. ಬಲಿಯಾಗುವುದರಲ್ಲಿ ದನ ಮತ್ತು ನಾಯಿಗಳೂ ಇವೆ. ಪರರ ತೋಟದ ಬೇಲಿಯ ಕಡೆ ನಾಯಿಯನ್ನು ಬಿಡದೆ ಜೀಪು ಓಡಾಡುವ ದಾರಿಯ ನಡುವೆಯೇ ನಡೆಸಬೇಕು, ನೆಲದಲ್ಲಿ ಸಿಕ್ಕಿದ್ದನ್ನು ಬಾಯಿಗೆ ಹಾಕಿಕೊಳ್ಳದಂತೆ “ಬಿಡು” ಎಂಬ ಒಂದು ಆಜ್ಞೆಯನ್ನು ಮನೆಯಲ್ಲೇ ತಿಂಡಿಯ ಆಸೆ ತೋರಿಸಿ ಚೆನ್ನಾಗಿ ಕಲಿಸಿರಬೇಕು.

ಮೂರನೆಯದು ಕೊಯ್ಲು. ಅರೇಬಿಕಾ ಕಾಫಿಯ ಕೊಯ್ಲು ನವೆಂಬರ್‌ನಿಂದ ಜನವರಿಯವರೆಗೆ, ರೊಬಸ್ಟಾದ್ದು ಅದರ ಹಿಂದೆಯೇ. ಕಣದಲ್ಲಿ ಹರವಿದ ಹಣ್ಣು ಸಿಹಿಯಾಗಿರುವುದರಿಂದ ಕೆಲವು ನಾಯಿಗಳು ಮುಕ್ಕುತ್ತವೆ. ಅದರೊಳಗಿನ ಕೆಫೀನ್ ನಾಯಿಯ ಎದೆಬಡಿತವನ್ನು ಏರಿಸಿ, ನಡುಕ ಹುಟ್ಟಿಸಿ, ಹೆಚ್ಚಾದರೆ ಫಿಟ್ಸ್ ತರಿಸುತ್ತದೆ. ಅಡಿಕೆಯ ಅಂಗಳವೂ ಹಾಗೆಯೇ: ಅಡಿಕೆಯ ಅರೆಕೊಲೀನ್ ಎಂಬ ಅಂಶವನ್ನು ಹಿಂದೆ ನಾಯಿಗಳ ಲಾಡಿಹುಳುವಿಗೆ ಔಷಧವಾಗಿ ಕೊಡುತ್ತಿದ್ದರು ಎಂಬುದು ನಿಜವಾದರೂ, ಹಸಿ ಅಡಿಕೆ ಜಗಿದ ನಾಯಿ ಜೊಲ್ಲು ಸುರಿಸಿ ವಾಂತಿ ಮಾಡಿಕೊಂಡು ಒದ್ದಾಡುತ್ತದೆ. ಭತ್ತದ ಗದ್ದೆಯ ಬದುವಿನಲ್ಲಿ ಇಲಿಪಾಷಾಣ ಇಟ್ಟಿರಬಹುದು. ಗದ್ದೆಯವರನ್ನು ಕೇಳಿಯೇ ಇಳಿಯಬೇಕು.

ಹಾವಿನ ವಿಷಯದಲ್ಲಿ ಒಂದು ತಪ್ಪು ನಂಬಿಕೆ ಬಲವಾಗಿದೆ, ಚಳಿಯಲ್ಲಿ ಹಾವು ಹೊರಬರುವುದಿಲ್ಲ ಎಂದು. ಕೊಳಕುಮಂಡಲ ಕೂಡುವ ಕಾಲ ಚಳಿಗಾಲವೇ, ಬೇರೆ ಕಾಲದಲ್ಲಿ ರಾತ್ರಿ ಸಂಚರಿಸುವ ಅದು ತಂಪು ದಿನಗಳಲ್ಲಿ ಹಗಲು ಹೊತ್ತಿನಲ್ಲೂ ಓಡಾಡುತ್ತದೆ. ಬೆಳಗಿನ ಎಳೆಬಿಸಿಲು ಬೀಳುವ ಕಲ್ಲುಗುಡ್ಡೆ, ತರಗೆಲೆಯ ರಾಶಿ, ಒಣಹುಲ್ಲಿನ ಅಂಚು ಅದರ ಜಾಗ. ನಾಯಿ ಮೂತಿ ತೂರಿಸುವುದೂ ಅಲ್ಲಿಗೇ ಆದ್ದರಿಂದ ಕಡಿತ ಬೀಳುವುದು ಹೆಚ್ಚಾಗಿ ಮುಖಕ್ಕೆ ಅಥವಾ ಮುಂಗಾಲಿಗೆ.

ಹಂತ 6: ನಡೆಯುವಾಗ

ಮೊದಲ ಐದು ನಿಮಿಷ ನಿಧಾನವಾಗಿ ನಡೆಸಿ. ಸಂಧಿವಾತವಿರುವ ಮುದಿ ನಾಯಿಯ ಕೀಲುಗಳು ಚಳಿಯಲ್ಲಿ ಬಿಗಿದುಕೊಂಡಿರುತ್ತವೆ. ಎದ್ದ ಕೂಡಲೇ ಮೆಟ್ಟಿಲಿಳಿಸಿ ಓಡಿಸಿದರೆ ಅಂದು ಸಂಜೆ ಅದು ಏಳುವುದಕ್ಕೇ ಒದ್ದಾಡುತ್ತದೆ. ಅಂಥವಕ್ಕೆ ದಿನಕ್ಕೊಂದು ಉದ್ದದ ನಡಿಗೆಯ ಬದಲು ಹದಿನೈದು ನಿಮಿಷದ ಎರಡು ಮೂರು ನಡಿಗೆ ಹಿತ. ಎಳೆಯ ಲ್ಯಾಬ್ರಡಾರ್‌ಗೆ ಮುಕ್ಕಾಲು ಗಂಟೆಯೂ ಸಾಲದು. ನಾಯಿ ಮೂಸುತ್ತ ನಿಂತಾಗ ಎಳೆದುಕೊಂಡು ಹೋಗುವ ಅವಸರ ಬೇಡ, ನಡಿಗೆಯಿಂದ ಅದಕ್ಕೆ ಸಿಗುವ ಸಂತೋಷದಲ್ಲಿ ಅರ್ಧ ಆ ಮೂಸುವಿಕೆಯಲ್ಲೇ ಇದೆ. ಹುಲ್ಲಿನಲ್ಲಿ ಮೂಸುವುದರ ಬದಲು ಮರದ ಬುಡ, ದೀಪದ ಕಂಬ, ಕಾಂಪೌಂಡಿನ ಮೂಲೆಯಲ್ಲಿ ಮೂಸಲು ಬಿಟ್ಟರೆ ಸಾಕು.

ನಡುಗುವುದು, ಬೆನ್ನು ಗೂನು ಮಾಡುವುದು, ಬಾಲವನ್ನು ಕಾಲ ನಡುವೆ ಸೇರಿಸಿ ಮನೆಯ ಕಡೆ ತಿರುಗುವುದು ಚಳಿಯ ಲಕ್ಷಣಗಳು. ಆಗ ವಾದ ಮಾಡದೆ ಹಿಂತಿರುಗಬೇಕು. ಕೆರೆಗೆ ಹಾರಿ ಒದ್ದೆಯಾದ ನಾಯಿಯನ್ನು ಗಾಳಿಯಲ್ಲಿ ನಡೆಸಿಕೊಂಡು ಬರದೆ ಅಲ್ಲೇ ಒರೆಸಬೇಕು.

ಹಂತ 7: ಮನೆಗೆ ಬಂದ ಮೇಲಿನ ಹತ್ತು ನಿಮಿಷ

ಎಲ್ಲ ಹಂತಗಳಲ್ಲಿ ಇದೊಂದನ್ನು ಮಾತ್ರ ಎಂದೂ ಬಿಡಬಾರದು. ನಾಯಿಯನ್ನು ಬಾಗಿಲ ಹೊರಗೆ, ಬೆಳಕಿರುವಲ್ಲಿ ನಿಲ್ಲಿಸಿ. ಒಣ ಟವೆಲ್‌ನಿಂದ ಕಾಲು, ಹೊಟ್ಟೆ ಒರೆಸಿ. ನಂತರ ಕಣ್ಣನ್ನು ನಂಬದೆ ಬೆರಳನ್ನು ನಂಬಿ, ರೋಮದ ದಿಕ್ಕಿಗೆ ವಿರುದ್ಧವಾಗಿ ತಲೆಯಿಂದ ಬಾಲದವರೆಗೆ ಸವರುತ್ತ ಬನ್ನಿ. ಕಿವಿಯ ಹೊರಮಡಿಕೆ ಮತ್ತು ಒಳಭಾಗ, ಕಣ್ಣಿನ ರೆಪ್ಪೆಯ ಅಂಚು, ಕೊರಳಪಟ್ಟಿಯ ಅಡಿ, ಕಂಕುಳು, ತೊಡೆಯ ಸಂದಿ, ಬಾಲದ ಬುಡ, ಕೊನೆಯಲ್ಲಿ ನಾಲ್ಕೂ ಪಾದಗಳ ಬೆರಳ ಸಂದಿ. ರಕ್ತ ಹೀರಿ ಉಬ್ಬಿದ ದೊಡ್ಡ ಉಣ್ಣಿ ಎಲ್ಲರಿಗೂ ಸಿಗುತ್ತದೆ. ಹುಡುಕಬೇಕಾದ್ದು ಎಳ್ಳಿನ ಕಾಳಿನಷ್ಟೂ ಇಲ್ಲದ ಮರಿ ಉಣ್ಣಿಯನ್ನು.

ಸಿಕ್ಕ ಉಣ್ಣಿಯನ್ನು ಸಪೂರ ತುದಿಯ ಚಿಮಟದಿಂದ, ಅದರ ಹೊಟ್ಟೆಯನ್ನು ಹಿಂಡದಂತೆ, ಚರ್ಮಕ್ಕೆ ತಾಗಿದಂತೆ ಬಾಯಿಯ ಬಳಿ ಹಿಡಿದು, ಜರ್ಕ್ ಕೊಡದೆ ನೇರವಾಗಿ ಮೇಲಕ್ಕೆಳೆಯಬೇಕು. ಸೀಮೆಎಣ್ಣೆ ಸುರಿಯುವುದು, ಊದುಬತ್ತಿ ತಾಗಿಸುವುದು, ಸುಣ್ಣ ಹಚ್ಚುವುದು ಎಲ್ಲವೂ ಕೆಟ್ಟ ಉಪಾಯಗಳು: ಚರ್ಮ ಸುಡುತ್ತದೆ, ಕೆರಳಿದ ಉಣ್ಣಿ ತನ್ನ ಹೊಟ್ಟೆಯಲ್ಲಿರುವುದನ್ನು ನಾಯಿಯ ರಕ್ತಕ್ಕೇ ಕಕ್ಕುವ ಸಂಭವವೂ ಇದೆ. ಬರಿಗೈಯಲ್ಲಿ ಕಿತ್ತು ಉಗುರಿನಲ್ಲಿ ಒರೆಯುವ ಹಳೆಯ ಅಭ್ಯಾಸವನ್ನು ಬಿಡಬೇಕು. ಕೈಗವಸು ತೊಟ್ಟು ತೆಗೆದು, ಸ್ಪಿರಿಟ್ ಅಥವಾ ಸೋಪಿನ ನೀರಿರುವ ಡಬ್ಬಿಗೆ ಹಾಕಿ, ಕಚ್ಚಿದ ಜಾಗಕ್ಕೆ ನಂಜುನಿವಾರಕ ಹಚ್ಚಿ, ಕೈ ತೊಳೆದುಕೊಳ್ಳಬೇಕು.

ಇಷ್ಟೊಂದು ಒತ್ತಿ ಹೇಳಲು ಕಾರಣ ಎರಡು. ನಗರದ ಮನೆಗಳಲ್ಲಿ ಕಾಣುವ ಕಂದು ಬಣ್ಣದ ನಾಯಿ ಉಣ್ಣಿ ಎರ್ಲಿಕಿಯಾ ಮತ್ತು ಬಬೇಸಿಯಾ ಎಂಬ ರೋಗಾಣುಗಳನ್ನು ಹರಡುತ್ತದೆ. ಜನ ಇವನ್ನು ಒಟ್ಟಾಗಿ ಟಿಕ್ ಫೀವರ್ ಎನ್ನುತ್ತಾರೆ. ಎರಡು ಹೊತ್ತು ಊಟ ಬಿಟ್ಟು ಮೂಲೆ ಹಿಡಿದು ಮಲಗಿದ ನಾಯಿಯ ತುಟಿಯನ್ನು ಎತ್ತಿ ವಸಡು ನೋಡಿ. ಆರೋಗ್ಯದ ವಸಡು ನಸುಗೆಂಪು, ಬೆರಳಿನಿಂದ ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಬಣ್ಣ ಮರಳುತ್ತದೆ. ಅದು ಬಿಳಿಚಿದ್ದರೆ, ಉಚ್ಚೆ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ, ಮೂಗಿನಿಂದ ರಕ್ತ ಬಂದರೆ, ಗುದದ್ವಾರದಲ್ಲಿ ಅಳೆದ ಜ್ವರ 103 ಡಿಗ್ರಿ ಫ್ಯಾರನ್‌ಹೀಟ್ ದಾಟಿದ್ದರೆ ನಾಳೆ ನೋಡೋಣ ಎನ್ನದೆ ರಕ್ತಪರೀಕ್ಷೆ ಮಾಡಿಸಬೇಕು. ಬೇಗ ಹಿಡಿದರೆ ಇವೆರಡಕ್ಕೂ ಚಿಕಿತ್ಸೆ ಇದೆ. ನಮ್ಮ ಜ್ವರದ ಮಾತ್ರೆಗಳನ್ನು, ಅದರಲ್ಲೂ ಐಬುಪ್ರೊಫೇನನ್ನು, ನಾಯಿಗೆ ನುಂಗಿಸುವುದು ಕಾಯಿಲೆಯ ಮೇಲೆ ವಿಷ ಹಾಕಿದಂತೆ. ಈ ಕಂದು ಉಣ್ಣಿ ಗೋಡೆಯ ಬಿರುಕು, ಮಂಚದ ಸಂದಿಗಳಲ್ಲಿ ಮೊಟ್ಟೆಯಿಡುವುದರಿಂದ ನಾಯಿಯ ಮೈಯಷ್ಟೇ ಮನೆಯ ಮೂಲೆಗಳನ್ನೂ, ಹಾಸಿಗೆಯನ್ನೂ ಶುಚಿ ಮಾಡಬೇಕಾಗುತ್ತದೆ.

ಎರಡನೆಯ ಕಾರಣ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಗುರುತಿಸಲಾದ ಮಂಗನ ಕಾಯಿಲೆ ಹರಡುವುದು ಉಣುಗು ಎಂದು ಕರೆಯುವ ಕಾಡಿನ ಉಣ್ಣಿಯ ಮೂಲಕ, ಅದರ ಮರಿಗಳು ಚುರುಕಾಗುವುದು ಚಳಿಗಾಲದಿಂದ ಬೇಸಿಗೆಯ ಕೊನೆಯವರೆಗೆ. ನಾಯಿಗೆ ಆ ಕಾಯಿಲೆ ದೊಡ್ಡ ಸಮಸ್ಯೆಯಲ್ಲ. ಆದರೆ ನಾಯಿಯ ಮೈಹತ್ತಿ ಬಂದ ಉಣುಗು ಮನೆಯವರಿಗೆ ಕಚ್ಚಬಹುದು. ಮಂಗ ಸತ್ತ ಸುದ್ದಿಯಿರುವ ಕಾಡಿನತ್ತ ನಾಯಿಯನ್ನೂ ಒಯ್ಯಬಾರದು, ನಾವೂ ಹೋಗಬಾರದು, ಸತ್ತ ಮಂಗ ಕಂಡರೆ ಆರೋಗ್ಯ ಇಲಾಖೆಗೆ ತಿಳಿಸಬೇಕು. ತೋಟಕ್ಕೆ ಹೋಗುವಾಗ ಉಣ್ಣಿ ಹತ್ತದಂತೆ ಇಲಾಖೆ ಕೊಡುವ ಡೆಪಾ ತೈಲ ಮನುಷ್ಯರ ಚರ್ಮಕ್ಕೆ ಹಚ್ಚಿಕೊಳ್ಳಲು ಇರುವುದು. ನಾಯಿ ಮೈ ನೆಕ್ಕುವ ಪ್ರಾಣಿ, ಅದಕ್ಕೆ ಬಳಿಯಬಾರದು. ತಿರುಗಾಡಿ ಬಂದವರು ಬಟ್ಟೆಯನ್ನು ಬಿಸಿನೀರಿನಲ್ಲಿ ನೆನೆಹಾಕಿ, ಸೋಪು ಹಚ್ಚಿ ಸ್ನಾನ ಮಾಡಿದ ಮೇಲೆಯೇ ನಾಯಿಯನ್ನು ಮಡಿಲಿಗೆ ಕರೆಯುವುದು ಕ್ಷೇಮ.

ಪಾದದ ಮೆತ್ತೆ ಒಣಹವೆಯಲ್ಲಿ ಬಿರಿದರೆ ರಾತ್ರಿ ಮಲಗುವ ಮೊದಲು ತೆಳುವಾಗಿ ಕೊಬ್ಬರಿ ಎಣ್ಣೆ ಸವರಿದರೆ ಸಾಕು. ನೋವಿನ ಬಾಮ್‌ಗಳನ್ನು ಹಚ್ಚಬಾರದು. ಸ್ನಾನ ಈ ಕಾಲದಲ್ಲಿ ತಿಂಗಳಿಗೊಂದೆರಡು ಬಾರಿ, ಬಿಸಿಲಿರುವ ಮಧ್ಯಾಹ್ನ, ಉಗುರುಬೆಚ್ಚಗಿನ ನೀರಿನಲ್ಲಿ.

ಹಂತ 8: ಅವಘಡವಾದರೆ

ಹಾವು ಕಚ್ಚಿದೆಯೆಂದು ಸಂದೇಹ ಬಂದರೂ ಸಾಕು, ನಾಯಿಯನ್ನು ನಡೆಸದೆ ಎತ್ತಿಕೊಂಡು ವಾಹನಕ್ಕೆ ಹಾಕಿ. ಕಚ್ಚಿದ ಜಾಗವನ್ನು ಕೊಯ್ಯುವುದು, ಹಗ್ಗ ಬಿಗಿಯುವುದು, ನಾಟಿಮದ್ದು ಅರೆದು ಹಚ್ಚುವುದು ಬೇಡ. ಕೊರಳಪಟ್ಟಿಯನ್ನು ಬಿಚ್ಚಿ, ಏಕೆಂದರೆ ಮುಖ ಊದಿಕೊಂಡಾಗ ಅದೇ ಉರುಳಾಗುತ್ತದೆ. ನಾಗರ, ಕಟ್ಟುಹಾವು, ಕೊಳಕುಮಂಡಲ, ಉರಿಮಂಡಲ ನಾಲ್ಕಕ್ಕೂ ಮನುಷ್ಯರಿಗೆ ಕೊಡುವ ವಿಷನಿರೋಧಕ ಮದ್ದನ್ನೇ ನಾಯಿಗಳಿಗೂ ಕೊಡುತ್ತಾರೆ. ಆದರೆ ಎಲ್ಲ ಕ್ಲಿನಿಕ್ಕುಗಳಲ್ಲಿ ಅದು ಇರುವುದಿಲ್ಲ. ಹಾಗಾಗಿ ನಿಮ್ಮ ಸುತ್ತಮುತ್ತ ಯಾರಲ್ಲಿ ಇದೆ ಎಂಬುದನ್ನು ಇಂದೇ ವಿಚಾರಿಸಿ ಸಂಖ್ಯೆ ಬರೆದಿಟ್ಟುಕೊಳ್ಳಿ. ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್‌ಗಳಲ್ಲಿರುವ ಪಶುವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳೂ ಆ ಪಟ್ಟಿಯಲ್ಲಿರಲಿ.

ನಿಮ್ಮ ನಾಯಿಗೆ ಬೀದಿನಾಯಿ ಕಚ್ಚಿದರೆ ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಬೇಕು. ಲಸಿಕೆಯಾಗಿರುವ ನಾಯಿಗೂ ಕಡಿತದ ನಂತರದ ಚುಚ್ಚುಮದ್ದು ಬೇಕಾಗುತ್ತದೆ. ಬಿಡಿಸಲು ಹೋಗಿ ನಿಮ್ಮ ಕೈಗೂ ಹಲ್ಲು ತಾಗಿದ್ದರೆ ನಾಯಿಯ ಚಿಂತೆಯಲ್ಲಿ ಅದನ್ನು ಮರೆಯದೆ ಅಂದೇ ಸರ್ಕಾರಿ ಆಸ್ಪತ್ರೆಯಲ್ಲಿ ರೇಬೀಸ್ ಲಸಿಕೆ ಶುರುಮಾಡಿಸಿಕೊಳ್ಳಿ.

ಹಂತ 9: ಹಬ್ಬದ ದಿನಗಳ ಬದಲಾವಣೆ

ದೀಪಾವಳಿಯ ದಿನಗಳಲ್ಲೂ ಡಿಸೆಂಬರ್ 31ರಂದೂ ಸಂಜೆಯ ನಡಿಗೆಯನ್ನು ನಾಲ್ಕು ಗಂಟೆಗೇ ಮುಗಿಸಬೇಕು. ಪಟಾಕಿಯ ಸದ್ದಿಗೆ ಬೆದರಿ ಪಟ್ಟಿ ಕಳಚಿಕೊಂಡು ಓಡಿ ಕಳೆದುಹೋಗುವ ನಾಯಿಗಳು ಈ ರಾತ್ರಿಗಳಲ್ಲೇ ಹೆಚ್ಚು. ಹೊಸವರ್ಷದ ಕೇಕಿನಲ್ಲಿರುವ ಒಣದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನು ಕೆಡಿಸಬಲ್ಲದು, ಚಾಕೊಲೇಟ್ ಕೂಡ ವಿಷವೇ. ಬೀದಿಯಲ್ಲಿ ಬಿದ್ದ ತಟ್ಟೆಗಳಿಂದ ಮರುದಿನ ಬೆಳಿಗ್ಗೆ ನಾಯಿಯನ್ನು ದೂರವಿಡಿ. ಸಂಕ್ರಾಂತಿಯ ಸುಮಾರಿಗೆ ಗಾಳಿಪಟದ ಮಾಂಜಾ ದಾರ ಪೊದೆಗಳಲ್ಲಿ, ತಂತಿಗಳಿಂದ ಇಳಿಬಿದ್ದಂತೆ ಇರುತ್ತದೆ, ಕಾಲಿಗೆ ಸುತ್ತಿಕೊಂಡು ನಾಯಿ ಎಳೆದಾಡಿದರೆ ಚರ್ಮ ಸೀಳುತ್ತದೆ. ಸಣ್ಣ ಕತ್ತರಿಯೊಂದನ್ನು ಜೇಬಿನಲ್ಲಿಟ್ಟುಕೊಳ್ಳಿ. ದನಗಳಿಗೆ ಕಿಚ್ಚು ಹಾಯಿಸುವ ಸಂಜೆ ಆ ಬೀದಿಗೆ ನಾಯಿಯನ್ನು ಒಯ್ಯಬೇಡಿ.

ಶಿವರಾತ್ರಿಯ ಹೊತ್ತಿಗೆ ಚಳಿ ಇಳಿಯುತ್ತದೆ, ಸ್ವೆಟರನ್ನು ಒಗೆದು ಪೆಟ್ಟಿಗೆಗೆ ಹಾಕಬಹುದು, ನಡಿಗೆಯ ಹೊತ್ತನ್ನು ಮತ್ತೆ ಆರು ಗಂಟೆಗೆ ತರಬಹುದು. ಉಣ್ಣಿಯ ಮಾತ್ರೆಯನ್ನು ಮಾತ್ರ ನಿಲ್ಲಿಸಬಾರದು: ಕಾಡಿನ ಉಣುಗು ಮುಂಗಾರು ಬೀಳುವವರೆಗೂ ಇರುತ್ತದೆ, ಮನೆಯ ಕಂದು ಉಣ್ಣಿಗೆ ಕಾಲವೆಂಬುದೇ ಇಲ್ಲ.